‘ಕಳೆದುಹೋಗಿದೆ ಅಂತ ಬರ್ಕೊಡಿ’

“ಸಾರ್, ಸ್ಟೇಷನ್ನಲ್ಲಿ ಕಂಪ್ಲೇಂಟ್ ಯಾಕೆ ತಗೊಳಲ್ಲ?”

ಇಪ್ಪತ್ತೆರಡು ವರ್ಷದಿಂದ ತಾಲ್ಲೂಕು ಕೋರ್ಟಿನಲ್ಲಿ ಕರಿಕೋಟು ಹಾಕಿಕೊಂಡು ಓಡಾಡುವ ನನಗೆ ಈ ಪ್ರಶ್ನೆ ಮದುವೆ ಮನೆಯಲ್ಲಿ ಬಂದಿದೆ, ಬಸ್ಸಿನಲ್ಲಿ ಬಂದಿದೆ, ಒಮ್ಮೆ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದಾಗಲೂ ಬಂದಿದೆ. ಕೇಳುವವರ ಹತ್ತಿರ ಉತ್ತರವೂ ಸಿದ್ಧವಿರುತ್ತದೆ: ದುಡ್ಡು ತಿಂದಿರ್ತಾರೆ. ಕೆಲವು ಸಲ ನಿಜವೇ. ಆದರೆ ನಾನು ಕಂಡ ಬಹುಪಾಲು ಪ್ರಕರಣಗಳಲ್ಲಿ ಯಾರೂ ಯಾರಿಗೂ ಒಂದು ರೂಪಾಯಿ ಕೊಟ್ಟಿರಲಿಲ್ಲ. ದೂರು ಮಾತ್ರ ದಾಖಲಾಗಿರಲಿಲ್ಲ.

ಹೋದ ವರ್ಷ ಕುರಿ ಕಾಯುವ ಅಜ್ಜನೊಬ್ಬ ಬಂದ. ಹೊಲದಲ್ಲಿ ಮಂದೆ ನಿಲ್ಲಿಸಿದ್ದಾಗ ರಾತ್ರಿ ಬಲೆ ಕೊಯ್ದು ಮೂರು ಕುರಿ ಹೊತ್ತೊಯ್ದಿದ್ದರು. ಮಣ್ಣಿನಲ್ಲಿ ಗೂಡ್ಸ್ ಆಟೋದ ಟೈರಿನ ಗುರುತಿತ್ತು. ಠಾಣೆಯ ರೈಟರ್ ಪ್ರೀತಿಯಿಂದಲೇ ಮಾತಾಡಿಸಿದನಂತೆ, ಟೀ ಕೂಡ ಕೊಡಿಸಿದನಂತೆ. “ಕದ್ರು ಅಂತ ಬೇಡ ಅಜ್ಜ, ಕಾಣೆಯಾಗವೆ ಅಂತ ಬರ್ಸು, ಹುಡುಕ್ತೀವಿ.” ಫೋನ್ ಕಳೆದುಕೊಂಡ ಯಾರಿಗಾದರೂ ಈ ಮಾತು ಗೊತ್ತು. ಜೇಬಿನಿಂದ ಎತ್ತಿದ್ದರೂ ‘ಕಳೆದುಹೋಗಿದೆ ಅಂತ ಬರ್ಕೊಡಿ’ ಎನ್ನುತ್ತಾರೆ, ಇ-ಲಾಸ್ಟ್ ಆ್ಯಪಿನಲ್ಲಿ ಹಾಕಿ ಎಂದು ಕಳಿಸುತ್ತಾರೆ. (ಫೋನಿಗಿರುವಂತೆ ಗುರುತು ಹಚ್ಚುವ ಐಎಂಇಐ ನಂಬರ್ ಕುರಿಗೆ ಇಲ್ಲದ್ದರಿಂದ ಅಜ್ಜನಿಗೆ ಆ ದಾರಿಯೂ ಇರಲಿಲ್ಲ.)

ಒಂದು ಪದ ಬದಲಾದರೆ ಏನಾಗುತ್ತದೆ? ‘ಕಳವು’ ಎಂದರೆ ಅಪರಾಧ. ಅದಕ್ಕೊಂದು ಕ್ರೈಂ ನಂಬರ್ ಬೀಳಬೇಕು, ಸ್ಥಳದ ಮಹಜರಿಗೆ ಪಂಚರನ್ನು, ಅಂದರೆ ಸಾಕ್ಷಿಗಳನ್ನು, ಹುಡುಕಬೇಕು, ಕೋರ್ಟಿಗೆ ಕಾಗದ ಹೋಗಬೇಕು, ತಿಂಗಳ ಕ್ರೈಂ ಮೀಟಿಂಗಿನಲ್ಲಿ ಎಸ್ಪಿ ಸಾಹೇಬರು ‘ಯಾಕೆ ಇನ್ನೂ ಪತ್ತೆಯಾಗಿಲ್ಲ?’ ಎಂದು ಕೇಳುತ್ತಾರೆ. ‘ಕಾಣೆ’ ಎಂದರೆ ಇದ್ಯಾವುದೂ ಇಲ್ಲ. ಠಾಣೆಯ ವ್ಯಾಪ್ತಿಯಲ್ಲಿ ಆ ರಾತ್ರಿ ಅಪರಾಧವೇ ನಡೆಯಲಿಲ್ಲ.

ಪೊಲೀಸರ ಒಳಮಾತಿನಲ್ಲಿ ಇದಕ್ಕೆ ‘ಬರ್ಕಿಂಗ್’ ಎನ್ನುತ್ತಾರೆ. ಎಡಿನ್‌ಬರೋದಲ್ಲಿ 1828ರಲ್ಲಿ ಬರ್ಕ್ ಮತ್ತು ಹೇರ್ ಎಂಬಿಬ್ಬರು 16 ಜನರನ್ನು ಕೊಂದು ಹೆಣಗಳನ್ನು ಅಂಗರಚನೆ ಕಲಿಸುವ ಡಾಕ್ಟರಿಗೆ ಮಾರಿದ್ದರು. ಗುರುತು ಉಳಿಯದಂತೆ ಉಸಿರುಗಟ್ಟಿಸುವುದು ಅವರ ವಿಧಾನ. ದೂರನ್ನು ಹಾಗೆಯೇ ಸದ್ದಿಲ್ಲದೆ ಮುಗಿಸುವುದಕ್ಕೆ ಆ ಬರ್ಕನ ಹೆಸರೇ ಅಂಟಿಕೊಂಡಿದೆ. ಅವನನ್ನು ಗಲ್ಲಿಗೇರಿಸಿದ್ದು 1829ರ ಜನವರಿಯಲ್ಲಿ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ರಾಬರ್ಟ್ ಪೀಲ್ ಕಟ್ಟಿದ ಲಂಡನ್ನಿನ ಮೆಟ್ರೊಪಾಲಿಟನ್ ಪೊಲೀಸರು ಬೀದಿಗಿಳಿದರು. ಪೀಲ್ ಹೆಸರಿನಲ್ಲಿ ಇಂದಿಗೂ ಓಡಾಡುವ ಸೂತ್ರವೊಂದಿದೆ: ಅಪರಾಧ ಇಲ್ಲದಿರುವುದೇ ಪೊಲೀಸರ ದಕ್ಷತೆಗೆ ಪರೀಕ್ಷೆ. ಕೇಳಲು ಚೆಂದ. ನಮ್ಮಲ್ಲಿ ಅದು ‘ಎಫ್‌ಐಆರ್ ಇಲ್ಲದಿರುವುದೇ ಪರೀಕ್ಷೆ’ ಎಂದಾಗಿ ಕೂತಿದೆ.

ಇದೇ ನನ್ನ ಉತ್ತರ. ವಿಧಾನಸಭೆಯಲ್ಲಿ, ಟಿವಿಯಲ್ಲಿ, ಮೀಟಿಂಗಿನಲ್ಲಿ ಎಲ್ಲರೂ ಅಂಕಿ ಏರಿದರೆ ‘ಅಪರಾಧ ಹೆಚ್ಚಿದೆ’ ಎಂದು ಬೊಬ್ಬೆ ಹಾಕುತ್ತೇವೆ. ಹೀಗಿರುವಾಗ ಪ್ರಾಮಾಣಿಕವಾಗಿ ದೂರು ಬರೆದುಕೊಳ್ಳುವ ಇನ್ಸ್‌ಪೆಕ್ಟರ್ ತನ್ನ ಕಾಲಿಗೆ ತಾನೇ ಕೊಡಲಿ ಹಾಕಿಕೊಂಡಂತೆ. ದಾಖಲಾದ ಪ್ರಕರಣ ಹೆಚ್ಚಿದ ಮಾತ್ರಕ್ಕೆ ಪೊಲೀಸರು ಸೋತರು ಎನ್ನಬೇಡಿ ಎಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ತನ್ನ ವರದಿಯಲ್ಲೇ ಹೇಳುತ್ತದೆ. ಯಾರು ಓದುತ್ತಾರೆ! ಠಾಣೆ ದೂರು ತೆಗೆದುಕೊಳ್ಳದಿದ್ದರೆ ಎಸ್ಪಿ ಕಚೇರಿಯಲ್ಲೇ ಎಫ್‌ಐಆರ್ ಆಗಲಿ ಎಂದು 2019ರಲ್ಲಿ ರಾಜಸ್ಥಾನ ಆದೇಶಿಸಿತು. ಆ ವರ್ಷ ಅಂಕಿ ಏರಿತು, ‘ರಾಜ್ಯದಲ್ಲಿ ಅಪರಾಧ ಮಿತಿಮೀರಿದೆ’ ಎಂಬ ಬೈಗುಳವೂ ಜೊತೆಗೇ ಬಂತು.

ಕಾನೂನಿನಲ್ಲಿ ಗೊಂದಲವಿಲ್ಲ. ಸಂಜ್ಞೇಯ ಅಪರಾಧದ, ಅಂದರೆ ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆಯೇ ಪೊಲೀಸರು ತನಿಖೆ ಮಾಡಬಹುದಾದ ಅಪರಾಧದ, ಮಾಹಿತಿ ಬಂದರೆ ಎಫ್‌ಐಆರ್ ಮಾಡಲೇಬೇಕು ಎಂದು ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2013ರಲ್ಲಿ ಹೇಳಿತು. 2024ರ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಜಾಗದಲ್ಲಿ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ, ಯಾವ ಠಾಣೆಯಲ್ಲಾದರೂ ದಾಖಲಿಸಬಹುದಾದ ಝೀರೊ ಎಫ್‌ಐಆರನ್ನೂ ಒಳಗೆ ತಂದಿತು: ‘ಇದು ನಮ್ಮ ಲಿಮಿಟ್ಸ್ ಅಲ್ಲ’ ಎಂಬ ನೆಪ ಇನ್ನು ನಡೆಯುವುದಿಲ್ಲ. ಫೋನ್, ಇಮೇಲಿನಲ್ಲಿ ದೂರು ಕೊಟ್ಟರೆ ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು, ಅಷ್ಟೆ. ಆದರೆ ಅದೇ ಕಲಮಿನಲ್ಲಿ ಒಂದು ಸಂದಿಯೂ ಇದೆ. ಮೂರು ವರ್ಷದಿಂದ ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧವಾದರೆ ಡಿವೈಎಸ್ಪಿ ಅನುಮತಿ ಪಡೆದು 14 ದಿನ ಪ್ರಾಥಮಿಕ ವಿಚಾರಣೆ ಮಾಡಬಹುದು. ನಮ್ಮ ಕಡೆ ‘ಅರ್ಜಿ ವಿಚಾರಣೆ’ ಎಂಬ ಹೆಸರಿನಲ್ಲಿ ಹದಿನಾಲ್ಕು ದಿನ ತಿಂಗಳಾಗುತ್ತದೆ, ಎರಡು ಕಡೆಯವರನ್ನೂ ಕೂರಿಸಿ ರಾಜಿ ಪಂಚಾಯ್ತಿ ನಡೆಯುತ್ತದೆ, ಕೊನೆಗೆ ಅರ್ಜಿ ಮುಗಿಯಿತೆಂದು ಒಂದು ಹಿಂಬರಹ. ಡಿವೈಎಸ್ಪಿ ಅನುಮತಿಯ ಕಾಗದ ತೋರಿಸಿ ಎಂದರೆ ಮೌನ.

ಇನ್ನೊಂದು ಬದಲಾವಣೆ ಹೆಚ್ಚು ಜನರ ಕಣ್ಣಿಗೆ ಬಿದ್ದಿಲ್ಲ, ನನಗೆ ಮಾತ್ರ ಚುಚ್ಚುತ್ತಲೇ ಇದೆ. ಹೊಸ ಕಾನೂನಿನಲ್ಲಿ 5,000 ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತುವಿನ ಸಾಧಾರಣ ಕಳ್ಳತನ ಅಸಂಜ್ಞೇಯ. ಎಫ್‌ಐಆರ್ ಇಲ್ಲ, ಎನ್‌ಸಿಆರ್ (ಅಸಂಜ್ಞೇಯ ದೂರು ಬಂತೆಂಬ ದಾಖಲೆ) ಮಾತ್ರ, ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ತನಿಖೆಯಿಲ್ಲ. ಸಂತೆಯಲ್ಲಿ ಎಂಜಿನಿಯರ್ ಹುಡುಗನ ಐವತ್ತು ಸಾವಿರದ ಫೋನ್ ಹೋದರೆ ಸರ್ಕಾರ ಕಳ್ಳನನ್ನು ಹುಡುಕಬೇಕು. ಅವನ ಪಕ್ಕದಲ್ಲೇ ನಿಂತಿದ್ದ ಕೂಲಿ ಹೆಂಗಸಿನ ನಾಲ್ಕು ಸಾವಿರದ ಫೋನಿಗೆ, ಅವಳ ಹತ್ತು ದಿನದ ದುಡಿಮೆಗೆ, ಒಂದು ಚೀಟಿ.

ಪೊಲೀಸರ ಪರವಾಗಿಯೂ ಒಂದು ಮಾತು. ತನಿಖೆ ಮಾಡುವವರನ್ನೂ ಬಂದೋಬಸ್ತ್ ನೋಡುವವರನ್ನೂ ಬೇರ್ಪಡಿಸಿ ಎಂದು ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು 2006ರಲ್ಲಿ. ನಮ್ಮ ತಾಲ್ಲೂಕಿನಲ್ಲಿ ಇವತ್ತಿಗೂ ಮಹಜರು ಬರೆಯಬೇಕಾದ ಪೇದೆಯೇ ಜಾತ್ರೆಗೆ, ಗಣೇಶನಿಗೆ, ಮಂತ್ರಿಯ ಕಾರ್ಯಕ್ರಮಕ್ಕೆ ನಿಲ್ಲುತ್ತಾನೆ, ಸಮನ್ಸ್ ಹಿಡಿದು ಊರೂರು ಸುತ್ತುತ್ತಾನೆ. ಮತ್ತೆ, ನಮ್ಮವರೂ ಸಾಚಾಗಳಲ್ಲ. ಬದುವಿನ ಜಗಳಕ್ಕೆ ಕೊಲೆ ಯತ್ನದ ಬಣ್ಣ ಬಳಿದು ದೂರು ಬರೆದುಕೊಡುವ ವಕೀಲರ ಜೊತೆ ದಿನಾ ಕಾಫಿ ಕುಡಿಯುತ್ತೇನೆ. ಅಂಥ ಹತ್ತು ಕಾಗದ ಓದಿದ ರೈಟರಿಗೆ ಹನ್ನೊಂದನೆಯದೂ ಸುಳ್ಳೇ ಅನ್ನಿಸುತ್ತದೆ. ಆ ಅನುಮಾನದ ಹೊಡೆತ ಬೀಳುವುದು ಮಾತ್ರ ಶಿಫಾರಸು ಮಾಡಿಸಲು ಯಾರೂ ಇಲ್ಲದವರ ಮೇಲೆ. ಪರಿಶಿಷ್ಟ ಜಾತಿ, ಪಂಗಡಗಳ ಮೇಲಿನ ದೌರ್ಜನ್ಯ ತಡೆ ಕಾಯ್ದೆಯಡಿ ಎಫ್‌ಐಆರಿಗೆ ಮುನ್ನ ಪ್ರಾಥಮಿಕ ವಿಚಾರಣೆ ಬೇಕಿಲ್ಲ ಎಂದು ಸಂಸತ್ತು 2018ರಲ್ಲಿ ಬರೆದು ಸೇರಿಸಬೇಕಾಗಿ ಬಂದದ್ದು ಸುಮ್ಮನೆ ಅಲ್ಲ.

ಹಾಗಾದರೆ ಮಾಡುವುದೇನು ಎಂದು ಬೆನ್ನಿಗೇ ಕೇಳುತ್ತಾರೆ. ದೂರನ್ನು ಎರಡು ಪ್ರತಿ ಬರೆಯಿರಿ, ಒಂದಕ್ಕೆ ಠಾಣೆಯ ಸೀಲು, ತಾರೀಕು ಹಾಕಿಸಿಕೊಳ್ಳಿ. ನಿರಾಕರಿಸಿದರೆ ಅದನ್ನೇ ಎಸ್ಪಿಯವರಿಗೆ ಅಂಚೆಯಲ್ಲಿ ಕಳಿಸಿ ರಸೀದಿ ಜೋಪಾನ ಮಾಡಿ. ಆಮೇಲೆ ಅಫಿಡವಿಟ್ ಸಮೇತ ಮ್ಯಾಜಿಸ್ಟ್ರೇಟರ ಮುಂದೆ. ಬಾಯಲ್ಲಿ ಹೇಳಿ ಬಂದಿದ್ದೀನಿ ಎನ್ನುವವರಿಗೆ ನಾನು ಏನೂ ಮಾಡಲಾರೆ.

ಅಜ್ಜನ ವಿಷಯದಲ್ಲಿ ಎಸ್ಪಿ ಕಚೇರಿಗೆ ಕಳಿಸಿದ ಕಾಗದವೇ ಸಾಕಾಯಿತು. ಮೂರನೇ ವಾರ ಎಫ್‌ಐಆರ್ ಆಯಿತು. ಓದಲು ಬಾರದ ಅಜ್ಜ ಪ್ರತಿಯನ್ನು ನನ್ನ ಮುಂದೆ ಹಿಡಿದು “ಕಾಣೆಯಾಗವೆ ಅಂತದಾ, ಕದ್ರು ಅಂತದಾ?” ಎಂದು ಕೇಳಿದ. ಕಳವು ಅಂತಿದೆ ಎಂದೆ. ಆ ಅಕ್ಷರ ಎಲ್ಲಿದೆ ತೋರ್ಸಿ ಎಂದ, ತೋರಿಸಿದೆ.

ಕುರಿ ಸಿಗಲಿಲ್ಲ. ಆರು ತಿಂಗಳ ಮೇಲೆ ‘ಸಿ’ ರಿಪೋರ್ಟ್ ಬಂತು, ಅಂದರೆ ಪತ್ತೆಯಾಗದ ಪ್ರಕರಣ. ಓದಿ ಹೇಳಿದೆ. ಟವಲ್ಲು ಕೊಡವಿ ಹೆಗಲಿಗೆ ಹಾಕಿಕೊಳ್ಳುತ್ತಾ ಕೇಳಿದ್ದು ಇಷ್ಟೇ:

“ಅಂದ್ರೆ ಲೆಕ್ಕದಲ್ಲಿ ಉಳ್ಕಂತಾ?”

ಉಳೀತು ಎಂದೆ.