ಮೂವರು ಮುಂದೆ, ನಾಲ್ವರು ಹಿಂದೆ

ನಾನು ಇಪ್ಪತ್ತೊಂಬತ್ತು ವರ್ಷ ಪಿ.ಟಿ. ಮಾಸ್ತರ್ ಆಗಿದ್ದವನು. ಆಳಂದ, ಚಿಂಚೋಳಿ, ಸೇಡಂ, ಕೊನೆಗೆ ಕಲಬುರಗಿ. ವರ್ಗಾವಣೆಯಾದಾಗಲೆಲ್ಲ ಒಂದೇ ಸಂಕಟ: ಕಬಡ್ಡಿ ತಂಡ ಆಗಷ್ಟೇ ಹದಕ್ಕೆ ಬಂದಿರುತ್ತಿತ್ತು.

ಹ್ಯೂಸ್ಟನ್‌ನಲ್ಲಿರುವ ಅಕ್ಕನ ಮಗ ರಜೆಗೆ ಬಂದಾಗ ಅಮೆರಿಕನ್ ಫುಟ್ಬಾಲ್‌ನ ಹಳೆಯ ಮ್ಯಾಚ್ ಹಾಕಿದ. ತೆರೆಯ ಮೇಲೆ ಬಿಳಿಕೂದಲಿನ ಒಬ್ಬ ಹಿರಿಯರು. "ಮಾಮಾ, ಇವರೂ ನಿಮ್ಮಂಗ ಊರೂರು ತಿರುಗ್ಯಾರ ನೋಡ್ರಿ" ಅಂದ. ಅವರೇ ವೇಡ್ ಫಿಲಿಪ್ಸ್.

ಡೆನ್ವರ್, ಬಫಲೋ, ಡಲ್ಲಾಸ್‌ಗಳಲ್ಲಿ ಮುಖ್ಯ ಕೋಚ್ ಆಗಿದ್ದರು. ನ್ಯೂ ಆರ್ಲಿಯನ್ಸ್, ಅಟ್ಲಾಂಟಾ, ಹ್ಯೂಸ್ಟನ್‌ಗಳಲ್ಲಿ ಸೀಸನ್ ನಡುವೆ ಮುಖ್ಯ ಕೋಚ್ ಹೋದಾಗ ತಂಡ ನಡೆಸಿದರು. 2010ರಲ್ಲಿ ಡಲ್ಲಾಸ್ ಮೊದಲ 8 ಪಂದ್ಯಗಳಲ್ಲಿ 7 ಸೋತಿತು, ಇವರನ್ನು ತೆಗೆದರು. 2014ರಲ್ಲಿ ಕೈಯಲ್ಲಿ ಕೆಲಸವೇ ಇರಲಿಲ್ಲ.

ಆದರೆ ಅವರ ಡಿಫೆನ್ಸ್ ನೋಡಬೇಕು! ಮುಂದೆ ಮೂವರು ಬಗ್ಗಿ ನಿಲ್ಲುತ್ತಾರೆ, ಹಿಂದೆ ನಾಲ್ವರು. ಆ ನಾಲ್ವರಲ್ಲಿ ಯಾರು ನುಗ್ಗುತ್ತಾರೆ ಅಂತ ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್‌ಗೆ ಮೊದಲೇ ಗೊತ್ತಾಗುವುದಿಲ್ಲ. ಕಬಡ್ಡಿಯಲ್ಲೂ ಅಷ್ಟೇ ಅಲ್ವಾ? ಕೈಕೈ ಹಿಡಿದು ನಿಂತ ಯಾವ ಕಡೆಯ ಚೈನ್ ಮುಚ್ಚುತ್ತದೆ ಅಂತ ರೈಡರ್‌ಗೆ ಸುಳಿವು ಸಿಗಬಾರದು. ಇನ್ನೊಂದು ಮಾತು ನನಗೆ ಬಹಳ ಹಿಡಿಸಿತು. ಮುಂದೆ ನಿಂತವನಿಗೆ ಅವರು ಎದುರಾಳಿಗಳ ನಡುವಿನ ಎರಡು ಸಂದು ಕಾಯುವ ಕೆಲಸ ಕೊಡುವುದಿಲ್ಲ. ಒಬ್ಬನಿಗೆ ಒಂದೇ ಸಂದು, ಅದರಲ್ಲೇ ನುಗ್ಗಬೇಕು. ನಾನು ಹುಡುಗರಿಗೆ ಜಾಸ್ತಿ ಹೇಳಿ ಗೊಂದಲ ಮಾಡಿದ ದಿನಗಳು ನೆನಪಾದವು.

ಹ್ಯೂಸ್ಟನ್‌ನಲ್ಲಿ ಇವರ ಮೇಲಿದ್ದ ಗ್ಯಾರಿ ಕ್ಯೂಬಿಯಾಕ್ 2015ರಲ್ಲಿ ಡೆನ್ವರ್ ತಂಡದ ಕೋಚ್ ಆದಾಗ ಡಿಫೆನ್ಸ್‌ಗೆ ಇವರನ್ನೇ ಕರೆದರು. ಇಪ್ಪತ್ತು ವರ್ಷದ ಹಿಂದೆ ಇವರನ್ನು ಮನೆಗೆ ಕಳಿಸಿದ್ದ ಅದೇ ಡೆನ್ವರ್! 2016ರ ಫೆಬ್ರವರಿಯಲ್ಲಿ ಸೂಪರ್ ಬೌಲ್ 50, ಅಂದರೆ ಆ ಸೀಸನ್‌ನ ಫೈನಲ್. ಎದುರಿಗೆ ಆ ಸೀಸನ್‌ನಲ್ಲಿ ಎಲ್ಲರಿಗಿಂತ ಹೆಚ್ಚು ಅಂಕ ಹೊಡೆದಿದ್ದ ಕ್ಯಾರೊಲಿನಾ. ಡೆನ್ವರ್‌ನ ವಾನ್ ಮಿಲ್ಲರ್ ನುಗ್ಗಿ ಕ್ಯಾರೊಲಿನಾದ ಕ್ವಾರ್ಟರ್‌ಬ್ಯಾಕ್ ಕ್ಯಾಮ್ ನ್ಯೂಟನ್ ಕೈಯಿಂದ ಚೆಂಡು ಕಿತ್ತ, ಅವನ ಜೊತೆಗಾರ ಮಲಿಕ್ ಜಾಕ್ಸನ್ ಅದರ ಮೇಲೆ ಬಿದ್ದು ಟಚ್‌ಡೌನ್ ಅಂಕ ಗಳಿಸಿದ. ನಾನು ಕುರ್ಚಿಯಿಂದ ಎದ್ದೇ ಬಿಟ್ಟೆ. 24-10ರಲ್ಲಿ ಗೆದ್ದರು. ಆಗ ಫಿಲಿಪ್ಸ್‌ಗೆ 68 ವರ್ಷ. ಅಷ್ಟು ವರ್ಷದಲ್ಲಿ ಅವರ ಮೊದಲ ಸೂಪರ್ ಬೌಲ್ ಗೆಲುವು ಅದು.

ಕಳೆದ ವಾರ ಸೇಡಂನಿಂದ ಹಳೆಯ ವಿದ್ಯಾರ್ಥಿ ಫೋನ್ ಮಾಡಿದ್ದ. ಅಲ್ಲಿನ ತಂಡ ಈಗ ಅವನೇ ನೋಡಿಕೊಳ್ಳುತ್ತಾನೆ. "ಸರ್, ಹುಡುಗರು ಚೈನ್ ಬಿಡಲಾಕತ್ತಾರ್ರಿ. ಒಮ್ಮೆ ಬಂದು ಹೇಳಿಕೊಡ್ರಿ" ಅಂದ.

ಭಾನುವಾರ ಬೆಳಗಿನ ಮೊದಲ ಬಸ್ಸಿಗೆ ಹೊರಡುತ್ತೇನೆ. ಸೀಟಿ ಹುಡುಕಿ ಇಟ್ಟುಕೊಂಡಿದ್ದೇನೆ.