ಮೋಟರ್ ಇಲ್ಲದ ಹೊಂಡಕ್ಕೂ ಆಳು ಬೇಕು

ನಮ್ಮದು ಸಣ್ಣ ಊರು. ಎಲ್ಲರ ಮನೆಯ ಬಚ್ಚಲು, ಕಕ್ಕಸಿನ ನೀರು ಪೈಪಿನಲ್ಲಿ ಇಳಿಜಾರಿಗೆ ಹರಿದು ಊರಾಚೆಯ ಮೂರು ಹೊಂಡಗಳಿಗೆ ಸೇರಿ, ಒಂದರಿಂದ ಒಂದಕ್ಕೆ ಹರಿಯುತ್ತಾ ಶುದ್ಧವಾಗುತ್ತದೆ. ಅವನ್ನು ನೋಡಿಕೊಳ್ಳುವುದು ನನ್ನ ಕೆಲಸ. ‘ಮೋಟರ್ ಇಲ್ಲ, ಕರೆಂಟ್ ಬೇಡ. ಮತ್ತೆ ಅಲ್ಲೇನು ಕೆಲಸ ಇರುತ್ತೆ?’ ಅಂತ ಕೇಳುವವರೇ ಜಾಸ್ತಿ.

ಕೆಲಸ ಶುರುವಾಗುವುದು ನೀರು ಒಳಬರುವ ಬಾಯಲ್ಲಿರುವ ಜಾಲರಿಯಿಂದ. ಬಟ್ಟೆ ಚೂರು, ಕೂದಲ ಉಂಡೆ, ಪ್ಲಾಸ್ಟಿಕ್, ಪ್ಯಾಡ್ ಎಲ್ಲ ಅಲ್ಲಿ ಸಿಕ್ಕಿಕೊಳ್ಳುತ್ತವೆ. ಬೆಳಗ್ಗೆ ಅದನ್ನು ಕೊಕ್ಕೆಯಿಂದ ಎಳೆದು ಹಾಕದಿದ್ದರೆ ನೀರು ಹಿಂದಕ್ಕೆ ನಿಲ್ಲುತ್ತದೆ. ದಯವಿಟ್ಟು ಇವನ್ನೆಲ್ಲ ಕಕ್ಕಸಿಗೆ ಹಾಕಬೇಡಿ. ಹೊಂಡದ ಯಾವ ಬ್ಯಾಕ್ಟೀರಿಯಾವೂ ಪ್ಲಾಸ್ಟಿಕ್ ತಿಂದು ಮುಗಿಸುವುದಿಲ್ಲ.

ಮೊದಲ ಹೊಂಡ ಆಳ, ಮೂರು ಮೀಟರಿಗೂ ಮಿಕ್ಕಿ. ಅಲ್ಲಿ ಗಸಿ ತಳಕ್ಕೆ ಕೂರುತ್ತದೆ. ಗಾಳಿ ಬೇಡದ ಬ್ಯಾಕ್ಟೀರಿಯಾ ಅದನ್ನು ಕರಗಿಸುತ್ತವೆ, ಮೇಲೆ ಗುಳ್ಳೆ ಏಳುತ್ತಿರುತ್ತದೆ. ಎರಡನೆಯದು ಒಂದೂವರೆ ಮೀಟರ್. ಅಲ್ಲಿ ಪಾಚಿಯದ್ದೇ ಕಾರುಬಾರು. ಬಿಸಿಲಿದ್ದಾಗ ಪಾಚಿ ಆಮ್ಲಜನಕ ಬಿಡುತ್ತದೆ, ಅದನ್ನು ಬಳಸಿಕೊಂಡು ಬ್ಯಾಕ್ಟೀರಿಯಾ ನೀರಲ್ಲಿ ಉಳಿದ ಕೊಳೆ ತಿನ್ನುತ್ತವೆ. ಮೂರನೆಯದರ ಆಳ ಒಂದೇ ಮೀಟರ್. ಬಿಸಿಲು ಚೆನ್ನಾಗಿ ಇಳಿದು ರೋಗಾಣು ಸಾಯುತ್ತವೆ. ನೀರು ದಿನಗಟ್ಟಲೆ ಅಲುಗಾಡದೆ ನಿಂತರೆ ಜಂತುಹುಳದ ಮೊಟ್ಟೆಗಳೂ ತಳ ಸೇರುತ್ತವೆ.

ನಾನು ಜಾಸ್ತಿ ನೋಡುವುದು ಎರಡನೇ ಹೊಂಡದ ಬಣ್ಣ. ಹಸಿರಿದ್ದರೆ ಸರಿ. ಬೂದು ಬಣ್ಣಕ್ಕೆ ತಿರುಗಿದರೆ ಪಾಚಿ ಸೋಲುತ್ತಿದೆ. ಗುಲಾಬಿ ಛಾಯೆ ಕಂಡರೆ ಹೊಂಡಕ್ಕೆ ತಡೆಯಲಾಗದಷ್ಟು ಕೊಳೆ ಬರುತ್ತಿದೆ, ಗಂಧಕ ಬಳಸಿ ಬದುಕುವ ನೇರಳೆ ಬ್ಯಾಕ್ಟೀರಿಯಾ ಹೆಚ್ಚಿವೆ ಅಂತ ಅರ್ಥ. ಆಗ ಮೇಲಿಂದ ಯಾರಾದರೂ ಸೆಪ್ಟಿಕ್ ಟ್ಯಾಂಕಿನ ಗಸಿ ಸುರಿದಿದ್ದಾರಾ ಅಂತ ಹುಡುಕಬೇಕು. ಇನ್ನೊಂದು ಮಾತು. ನೀರಿನ ಆಮ್ಲಜನಕವನ್ನು ಮಧ್ಯಾಹ್ನ ಅಳೆದು ಖುಷಿಪಡಬೇಡಿ. ರಾತ್ರಿ ಪಾಚಿಯೂ ಅದನ್ನೇ ಉಸಿರಾಡುತ್ತದೆ. ನಿಜ ಗೊತ್ತಾಗುವುದು ಸೂರ್ಯ ಹುಟ್ಟುವ ಮುಂಚೆ.

ಯಂತ್ರದ ಘಟಕವೇ ಒಳ್ಳೇದಲ್ವಾ ಅಂತ ಕೆಲವರ ವಾದ. 1914ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಆರ್ಡರ್ನ್ ಮತ್ತು ಲಾಕೆಟ್ ಎಂಬ ಇಬ್ಬರು ತಜ್ಞರು ತೋರಿಸಿಕೊಟ್ಟ, ಕೊಳೆನೀರಿಗೆ ಗಾಳಿ ಊದುವ ವಿಧಾನ ದೊಡ್ಡದೇ, ಜಾಗವಿಲ್ಲದ ನಗರಕ್ಕೆ ಅದೇ ಸರಿ. ಆದರೆ ಬ್ಲೋವರ್ ಹಗಲೂ ರಾತ್ರಿ ಓಡಬೇಕು. ಕೆಟ್ಟರೆ ಮೆಕ್ಯಾನಿಕ್ ದೂರದಿಂದ ಬರಬೇಕು. ಜಾಗ ಇರುವ ಸಣ್ಣ ಊರಿಗೆ ಹೊಂಡವೇ ವಾಸಿ ಅಂತ ನನ್ನ ಅನುಭವ.

ಒಂದು ವಿಷಯದಲ್ಲಿ ಮಾತ್ರ ನಾನು ಯಾರ ಮಾತೂ ಕೇಳುವುದಿಲ್ಲ. ಮುಚ್ಚಿದ ಟ್ಯಾಂಕಿಗೆ, ಮ್ಯಾನ್‌ಹೋಲಿಗೆ ಯಾರನ್ನೂ ಇಳಿಸುವುದಿಲ್ಲ. ಅಲ್ಲಿ ತುಂಬುವ ಕೊಳೆತ ಮೊಟ್ಟೆ ವಾಸನೆಯ ವಿಷಗಾಳಿ ಜಾಸ್ತಿಯಾದರೆ ಮೂಗೇ ಸತ್ತುಹೋಗುತ್ತದೆ. ವಾಸನೆ ಇಲ್ಲ ಅಂತ ಇಳಿದವರು, ಅವರನ್ನು ಎತ್ತಲು ಹೋದವರು, ಇಬ್ಬರೂ ಸಾಯುತ್ತಾರೆ.

ಈಗ ಮೊದಲ ಹೊಂಡದ ಹೂಳು ಅಳೆಯಬೇಕು. ಉದ್ದನೆಯ ಗಳುವಿಗೆ ಬಿಳಿ ಟವೆಲ್ ಸುತ್ತಿ ನಿಧಾನಕ್ಕೆ ತಳ ಮುಟ್ಟಿಸಿ ಎತ್ತುತ್ತೇನೆ. ಕಪ್ಪು ಕಲೆ ಎಲ್ಲಿಯವರೆಗೆ ಹತ್ತಿದೆಯೋ ಅಷ್ಟು ಹೂಳು. ಹೊಂಡದ ಮೂರನೇ ಒಂದು ಭಾಗ ತುಂಬಿದ್ದರೆ ಮಳೆಗಾಲಕ್ಕೆ ಮುಂಚೆಯೇ ತೆಗೆಸಬೇಕು. ಒಣಗಿಸಲು ಬಿಸಿಲು ಬೇಕಲ್ಲ.