ಬಿಸಿಲಿಲ್ಲದ ಸಂಕ್ರಾಂತಿ

"ಸೂರ್ಯನೇ ಕಾಣಿಸ್ತಿಲ್ವಲ್ಲಮ್ಮ, ಮಕರ ರಾಶಿಗೆ ಹೋದ ಅಂತ ಯಾರು ನೋಡಿದ್ರು?" ಮಗಳು ಕಿಟಕಿಯ ಗಾಜಿನ ಮೇಲೆ ಬೆರಳಲ್ಲಿ ಗೀಚುತ್ತಾ ಕೇಳಿದಳು. ದೆಹಲಿಯ ಜನವರಿ, ಎದುರಿನ ಬೇವಿನ ಮರವೂ ಮಂಜಿನಲ್ಲಿ ಮಾಯ. ಪಂಚಾಂಗದಲ್ಲಿದೆ ಕಣೇ ಅಂದೆ. ಬೆಂಗಳೂರಿನ ಗವಿ ಗಂಗಾಧರೇಶ್ವರನ ಗುಡಿಯಲ್ಲಿ ಸಂಜೆ ಬಿಸಿಲು ನಂದಿಯ ಕೊಂಬಿನ ನಡುವಿಂದ ಹಾಯ್ದು ಲಿಂಗ ಮುಟ್ಟುತ್ತಲ್ಲ, ಅದನ್ನು ಟೀವಿಯಲ್ಲಿ ತೋರಿಸಿದರೆ ನಂಬುತ್ತಾಳೇನೋ.

ಓದುಗರಿಗೆಲ್ಲ ಹಬ್ಬದ ಶುಭಾಶಯ. ಕಾದಂಬರಿ ಎಲ್ಲಿಗೆ ಬಂತು ಅಂತ ಕೇಳುವವರಿಗೆ: ಮೂರನೇ ಕರಡು ಮುಗಿದಿದೆ, ಯುಗಾದಿ ಹೊತ್ತಿಗೆ ಪ್ರಕಾಶಕರ ಕೈಗೆ ಕೊಡಬೇಕು. ಒಂಬತ್ತನೇ ಅಧ್ಯಾಯ ಮಾತ್ರ ಹಟ ಹಿಡಿದು ಕೂತಿತ್ತು. ಯಾಕೆ ಅನ್ನೋದು ಎಳ್ಳು ಮಾಡಲು ಕೂತಾಗ ಗೊತ್ತಾಯಿತು.

ಕಡಲೆಕಾಯಿ ಬೀಜ, ಹುರಿಗಡಲೆ, ಕೊಬ್ಬರಿ, ಬೆಲ್ಲ ತಲಾ ಕಾಲು ಕೆಜಿ, ಬಿಳಿ ಎಳ್ಳು 100 ಗ್ರಾಂ. ಇಲ್ಲಿನ ಚಳಿಗಾಲದ ಹೊಸ ಬೆಲ್ಲ ಬೆರಳೊತ್ತಿದರೆ ಒಳಗಿಳಿಯುತ್ತೆ, ಅಡಕತ್ತರಿಗೆ ಮೆತ್ತಿಕೊಳ್ಳುತ್ತೆ. ಹಾಗಾಗಿ ಊರಿಂದ ತಂದ ಅಚ್ಚುಬೆಲ್ಲವೇ. ಕತ್ತರಿಸಿದ ಮೇಲೆ ಜರಡಿ ಹಿಡಿಯಲೇಬೇಕು, ಮೊದಲು ನೀರೊಡೆಯೋದು ಆ ಪುಡಿ. ಹುರಿದ ಎಳ್ಳು ಪೂರ್ತಿ ಆರಿದ ಮೇಲೇ ಬೆಲ್ಲ ಬೆರೆಸೋದು. ಇದೆಲ್ಲ ಆಯಿತು, ಕೊಬ್ಬರಿ ಮಾತ್ರ ಒಣಗಲಿಲ್ಲ. ಬೆಂಗಳೂರಲ್ಲಾದರೆ ಸಿಪ್ಪೆ ಹೆರೆದು, ಹೆಚ್ಚಿ, ಮಹಡಿ ಮೇಲೆ ಎರಡು ದಿನ ಹರವಿದರೆ ಸಾಕು. ಪಸೆ ಇರುವಾಗಲೇ ಬೆರೆಸಿದರೆ ವಾರದೊಳಗೆ ಡಬ್ಬಿಯೆಲ್ಲ ಮುದ್ದೆ, ಆಮೇಲೆ ಮುಗ್ಗಲು ವಾಸನೆ.

13ರ ಸಂಜೆ ಲೋಹ್ರಿ ಹಬ್ಬದ ಎಳ್ಳಿನ ಮಿಠಾಯಿ ರೇವಡಿ ಕೊಡಲು ಬಂದ ಮೇಲಿನ ಮನೆಯ ಪಂಜಾಬಿ ಆಂಟಿ, ಪೇಪರ್ ಮೇಲಿದ್ದ ಕೊಬ್ಬರಿ ಮುಟ್ಟಿ ನೋಡಿ, ಏನೂ ಹೇಳದೆ ವಾಪಸು ಹೋಗಿ ತಮ್ಮ ಹೀಟರ್ ಹೊತ್ತು ತಂದರು. ಅವರ ಮಂಡಿನೋವಿಗೆ ರಾತ್ರಿ ಅದೇ ಆಸರೆ. "ಒಂದು ರಾತ್ರಿ ತಾನೆ, ರಜಾಯಿ ಇದೆ" ಅಂದರು. ಮೊದಲ ತಟ್ಟೆ ತೀರಾ ಹತ್ತಿರ ಇಟ್ಟು ಕೆಡಿಸಿದೆ. ಕೊಬ್ಬರಿಯೆಲ್ಲ ಎಣ್ಣೆ ಬಿಟ್ಟು ಹಳದಿಯಾಯಿತು. ಮೂರಡಿ ದೂರ ಸರಿಸಿ, ಆಗಾಗ ಕೈಯಾಡಿಸಿದ ಮೇಲೆ ಸರಿಹೋಯಿತು.

ಇನ್ನು ಸಕ್ಕರೆ ಅಚ್ಚು. ಒಂಬತ್ತನೇ ಅಧ್ಯಾಯದಲ್ಲಿ ಅಜ್ಜಿ ಅಚ್ಚನ್ನು ಅಟ್ಟದಿಂದ ಇಳಿಸಿ, ಧೂಳು ಒರೆಸಿ, ಆಗಲೇ ಪಾಕ ಹೊಯ್ಯುತ್ತಿದ್ದಳು. ಶುದ್ಧ ಸುಳ್ಳು. ಒಣ ಮರ ಪಾಕ ಕುಡಿದು ಕಚ್ಚಿಕೊಳ್ಳುತ್ತೆ, ಬಿಡಿಸಹೋದರೆ ಗಿಳಿಯ ಕತ್ತು ಅಚ್ಚಲ್ಲೇ ಉಳಿಯುತ್ತೆ. ರಾತ್ರಿಯಿಡೀ ನೀರಲ್ಲಿ ನೆನೆಯಬೇಕು. ಪಾಕಕ್ಕೆ ಒಂದು ಚಮಚ ಹಾಲು ಹಾಕಿ, ಮೇಲೆ ಬಂದ ಕೊಳೆ ಸೋಸಿ, ಸ್ವಲ್ಪಸ್ವಲ್ಪವೇ ಕಾಯಿಸುತ್ತಾ ತಿರುವಬೇಕು. ಅಂಚು ಬೆಳ್ಳಗಾದ ಕ್ಷಣಕ್ಕೆ, ದಾರ ಬಿಗಿದ ಅಚ್ಚಿಗೆ ಹೊಯ್ಯಬೇಕು. ಆತುರಪಟ್ಟರೆ ಕೂಡಿಕೊಳ್ಳದು, ತಡವಾದರೆ ಬಾಣಲೆಯಲ್ಲೇ ಕಲ್ಲು. ಈಗ ನನ್ನ ಅಜ್ಜಿ ಹಿಂದಿನ ರಾತ್ರಿಯೇ ಬಕೆಟ್ ತುಂಬಿಸಿಡುತ್ತಾಳೆ. ಎರಡು ಪುಟ ಹೆಚ್ಚಾಯಿತು, ಅಧ್ಯಾಯ ಕದಲಿತು.

ಆ ಅಚ್ಚುಗಳು ಅಮ್ಮನವು. "ಬರೆಯೋಕೆ ಬೇಕು, ನೋಡ್ಕೊಂಡು ಕೊಟ್ಬಿಡ್ತೀನಿ" ಅಂತ ಮೂರು ವರ್ಷದ ಹಿಂದೆ ಹನುಮಂತನಗರದ ಮನೆಯಿಂದ ತಂದವು, ಅಡಕತ್ತರಿ ಸಮೇತ. ಈ ಸಲ ಅಮ್ಮ ಗಾಂಧಿಬಜಾರಿನಿಂದ ರೆಡಿಮೇಡ್ ಎಳ್ಳು ತಂದಳಂತೆ. "ನಾಲ್ಕು ಮನೆಗೆ ಬೀರೋಕೆ ಅಷ್ಟೆಲ್ಲ ಯಾಕೆ ಬಿಡು" ಅಂದಳು. ಅಚ್ಚಿನ ಮಾತು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಮಗಳು ಲಂಗ ಎತ್ತಿ ಹಿಡಿದುಕೊಂಡು, ಮುರಿಯದ ಒಂದೇ ಗಿಳಿಯನ್ನು ಎಳ್ಳಿನ ಮೇಲಿಟ್ಟು ಆಂಟಿ ಮನೆಗೆ ಹೊರಟಿದ್ದಳು. ಮಧ್ಯಾಹ್ನ ಎರಡಾದರೂ ಮಂಜು ಕರಗಿರಲಿಲ್ಲ. ಫೋನ್ ಇಡುವ ಮುಂಚೆ ಅಮ್ಮನೇ ಅಂದಳು:

"ತೊಳೆದ ಮೇಲೆ ಅಚ್ಚು ನೆರಳಲ್ಲಿ ಒಣಗಿಸೇ. ಬಿಸಿಲಿಗಿಟ್ಟೀಯ ಮತ್ತೆ, ಮರ ಬಿರಿಯುತ್ತೆ."

ಆಯ್ತಮ್ಮ ಅಂದೆ.